ಛಾಯಾಚಿತ್ರದಲ್ಲಿ ಸ್ವಭಾವೋಕ್ತಿ

ಸ್ವಭಾವೋಕ್ತಿಯು ಅಲಂಕಾರವೇ ಅಲ್ಲವೇ ಎಂಬ ವಿವಾದವು ನಮ್ಮ ಆಲಂಕಾರಿಕರಲ್ಲಿ ಬಹು ಹಳೆಯದು. ಇದ್ದ ವಸ್ತುವನ್ನು ಇದ್ದಂತೆ ಹೇಳುವುದೂ ಒಂದು ಅಲಂಕಾರವೆಂದು ದಂಡಿಯು ಒಪ್ಪಿದುದು ಮಾತ್ರವಲ್ಲದೆ, ಅದಕ್ಕೆ ಜಾತಿಯೆಂಬ ಇನ್ನೊಂದು ಹೆಸರನ್ನೂ ಹೇಳಿ, ಅರ್ಥಾಲಂಕಾರಗಳ ಪಂಕ್ತಿಯಲ್ಲಿ ಮೊದಲನೆಯ ಮಣೆಯನ್ನು ಅದಕ್ಕೇ ಹಾಕಿದನು. ಭಾಮಹನಿಗೆ ಇದು ಅಷ್ಟಾಗಿ ಹಿಡಿಸಲಿಲ್ಲ. ಕೆಲವರು ಹೀಗೆನ್ನುತ್ತಾರೆಂದು ಹೇಳಿ ಮುಂದಕ್ಕೆ ಸಾಗಿದನು. ಕುಂತಕನಾದರೋ ಖಂಡತುಂಡವಾಗಿ ನಿರಾಕರಿಸಿದನು. ಅವನ ವಾದವು ಕೇಳಲು ಚಮತ್ಕಾರವಾಗಿದೆ. ವಸ್ತುವಿನ ಸ್ವಭಾವವೆಂಬುದು ಅಲಂಕರಿಸಲ್ಪಡತಕ್ಕ ಶರೀರ. ಅದೇ ಅಲಂಕಾರವೂ ಆಗಿಬಿಟ್ಟರೆ ಅದು ಅಲಂಕರಿಸುವುದು ಯಾವುದನ್ನು? ತನ್ನ ಹೆಗಲನ್ನು ತಾನೇ ಹತ್ತಿ ಕೂತವರುಂಟೇ? ಅಷ್ಟಲ್ಲದೆ, ಇದ್ದುದನ್ನು ಇದ್ದಂತೆ ಹೇಳುವುದೇ ಅಲಂಕಾರವಾಗುವ ಪಕ್ಷಕ್ಕೆ ಗಾಡಿ ಹೊಡೆಯುವವನ ಮಾತಿಗೂ ಆ ಗೌರವವನ್ನು ಕೊಡಬೇಕಾಗುತ್ತದೆ ಎಂದು ಅವನ ಆಕ್ಷೇಪ.

ಈ ಆಕ್ಷೇಪಕ್ಕೆ ಸಮಾಧಾನವನ್ನು ಹೇಳಿದವನು ವ್ಯಕ್ತಿವಿವೇಕವನ್ನು ಬರೆದ ಮಹಿಮಭಟ್ಟ. ಧ್ವನಿವಾದವನ್ನು ಖಂಡಿಸಹೊರಟನೆಂಬ ಕಾರಣದಿಂದ ಈತನಿಗೆ ನಮ್ಮ ಪಾಠಶಾಲೆಗಳಲ್ಲಿ ಸಲ್ಲಬೇಕಾದಷ್ಟು ಮರ್ಯಾದೆ ಸಂದಿಲ್ಲವೆಂಬುದು ನನ್ನ ಅಭಿಪ್ರಾಯ, ಅದು ಹಾಗಿರಲಿ. ಒಂದು ವಸ್ತುವಿಗೆ ಎರಡು ರೂಪಗಳುಂಟು ಎಂದು ಅವನ ಮತ. ಒಂದು ಸಾಮಾನ್ಯರೂಪ, ಶಬ್ದಗಳೆಲ್ಲ ಮುಟ್ಟುವುದು ಅದನ್ನೇ. ಹಸುವೆಂದರೆ ಸಕಲ ಹಸುಗಳಿಗೂ ಸಲ್ಲುವ ಯಾವುದೋ ಒಂದು ಮಸುಕಾದ ಆಕಾರವು ಮನಸ್ಸಿಗೆ ಬರುತ್ತದೆಯೇ ಹೊರತು ಈ ಹಟ್ಟಿಯ ಈ ಹಸು ಬರುವುದಿಲ್ಲ. ಇನ್ನೊಂದು ವಿಶೇಷರೂಪ; ಅದು ಪ್ರತ್ಯಕ್ಷಕ್ಕೆ ಗೋಚರ, ಮತ್ತು ಸತ್ಕವಿಯ ಪ್ರತಿಭೆಗೆ ಗೋಚರ. ಆ ಪ್ರತಿಭೆಯನ್ನು ಅವನು ಪರಮೇಶ್ವರನ ಮೂರನೆಯ ಕಣ್ಣಿಗೆ ಸಮೀಕರಿಸುತ್ತಾನೆ. ಗಾಡಿಯವನು ಹೇಳುವುದು ಸಾಮಾನ್ಯವನ್ನು, ಕವಿಯು ಹೇಳುವುದು ವಿಶೇಷವನ್ನು. ಆದುದರಿಂದ ಕುಂತಕನ ಭಯಕ್ಕೆ ಎಡೆಯಿಲ್ಲ.

ಸಾವಿರ ವರ್ಷಗಳ ಹಿಂದೆ ಕಾಶ್ಮೀರದಲ್ಲಿ ನಡೆದ ಈ ಚರ್ಚೆಯನ್ನು ಈಗ ಇಲ್ಲಿ ಎತ್ತಿದುದಕ್ಕೆ ಕಾರಣವುಂಟು. ಕ್ಯಾಮರಾ ಎಂಬ ಯಂತ್ರವು ಸಾಮಾನ್ಯವನ್ನು ಅರಿಯದು. ಅದರ ಮುಂದೆ ಮರವನ್ನಿಟ್ಟರೆ ಇದೇ ಮರ, ಇದೇ ಎಲೆಯ ಮೇಲಿನ ಇದೇ ತೂತು ಮೂಡುತ್ತದೆಯೇ ವಿನಾ ಮರತ್ವವು ಮೂಡಲಾರದು. ಹಾಗಾದರೆ ಮಹಿಮಭಟ್ಟನ ಲೆಕ್ಕದಲ್ಲಿ ಪ್ರತಿಯೊಂದು ಛಾಯಾಚಿತ್ರವೂ ಸ್ವಭಾವೋಕ್ತಿಯೇ? ಪರೀಕ್ಷೆಯ ಪ್ರವೇಶಪತ್ರಕ್ಕೆ ಅಂಟಿಸುವ ಚಿತ್ರವೂ ಕಲೆಯೇ? ಗಾಡಿಯವನು ಬೇರೆಯ ವೇಷದಲ್ಲಿ ಮತ್ತೆ ಬಂದು ನಿಂತನು. ಈ ತೊಡಕನ್ನು ಬಿಡಿಸುವುದಕ್ಕೆ ಅತ್ಯಂತ ಉಪಯುಕ್ತವಾದವು ಯಾವುವೆಂದರೆ, ಸುಂದರವೆಂದು ಯಾರೂ ಹೇಳದ ಜಡವಸ್ತುಗಳನ್ನು, ಅಂದರೆ ತರಕಾರಿ, ಶೌಚಪಾತ್ರೆ, ಸೇದಿ ಬಿಸುಟ ಸಿಗರೇಟಿನ ತುಂಡು ಇವೇ ಮೊದಲಾದುವನ್ನು ಆರಿಸಿಕೊಂಡು ಕೆಲವು ಪಾಶ್ಚಾತ್ಯರು ತೆಗೆದ ಚಿತ್ರಗಳು. ಸುಂದರಿಯ ಚಿತ್ರವು ಸುಂದರವಾಗಿದ್ದರೆ ಶ್ರೇಯಸ್ಸು ಯಾರಿಗೆ ಸೇರಬೇಕೆಂಬ ಸಂಶಯವು ಉಳಿಯುತ್ತದೆ. ಸಿಗರೇಟಿನ ತುಂಡಿನಲ್ಲಿ ಆ ಸಂಶಯಕ್ಕೆ ಅವಕಾಶವಿಲ್ಲ.

ಇಂಥ ಅಚರವಸ್ತುಗಳ ಚಿತ್ರಕ್ಕೆ ಇಂಗ್ಲಿಷರು ನಿಶ್ಚಲಜೀವನವೆಂಬ ಅರ್ಥ ಬರುವ ಹೆಸರನ್ನೂ, ಫ್ರೆಂಚರು ಮೃತಪ್ರಕೃತಿಯೆಂಬ ಅರ್ಥ ಬರುವ ಹೆಸರನ್ನೂ ಇಟ್ಟಿದ್ದಾರೆ. ಒಂದೇ ಮಾವಿನ ಹಣ್ಣು ಕಡಲ್ಗಾಲುವೆಯ ಈಚೆ ಜೀವಂತ, ಆಚೆ ಮೃತ! ಹದಿನೇಳನೆಯ ಶತಮಾನದ ಡಚ್ಚರು ಈ ಬಗೆಯ ವರ್ಣಚಿತ್ರದಲ್ಲಿ ನಿಪುಣರಾಗಿದ್ದರು. ಛಾಯಾಚಿತ್ರದ ಆದಿಪುರುಷರಲ್ಲೊಬ್ಬನಾದ ಟಾಲ್ಬಟ್ಟನು 1844ರಲ್ಲಿ ತೆರೆದ ಬಾಗಿಲಿಗೆ ಒರಗಿಸಿದ ಒಂದು ಕಸಬರಿಕೆಯ ಚಿತ್ರವನ್ನು ತೆಗೆದು, ಇಂಥ ಹೀನವಸ್ತುವನ್ನು ಆರಿಸಿಕೊಂಡುದಕ್ಕೆ ಆ ಡಚ್ ಚಿತ್ರಕಾರರನ್ನೇ ಪ್ರಮಾಣವಾಗಿ ತೋರಿಸಿದನು. ಯಂತ್ರವು ಹುಟ್ಟಿ ಐದಾರು ವರ್ಷಗಳಾಗುವಷ್ಟರಲ್ಲಿ ಕಸಬರಿಕೆಯು ಅದರ ಮುಂದೆ ಬಂದು ನಿಂತಿತೆಂಬುದು ಗಮನಾರ್ಹವಾದ ಸಂಗತಿ.

ಆದರೆ ಈ ಮಾರ್ಗದ ಪ್ರಧಾನ ಪುರುಷನು ಎಡ್ವರ್ಡ್ ವೆಸ್ಟನ್ (1886–1958) ಎಂಬ ಅಮೆರಿಕನ್. ಕ್ಯಾಲಿಫೋರ್ನಿಯಾದಲ್ಲಿ ಜನರ ಭಾವಚಿತ್ರಗಳನ್ನು ತೆಗೆಯುವ ಅಂಗಡಿಯನ್ನಿಟ್ಟು ಜೀವನವನ್ನು ಸಾಗಿಸುತ್ತಿದ್ದ ಈತನು ಮೊದಮೊದಲು ಆ ಕಾಲದ ರೂಢಿಯಂತೆ ಮಂಜು ಮುಸುಕಿದಂಥ ಮೃದುಚಿತ್ರಗಳನ್ನೇ ತೆಗೆಯುತ್ತಿದ್ದನು. 1923ರಲ್ಲಿ ಮೆಕ್ಸಿಕೋ ದೇಶಕ್ಕೆ ಹೋದನು. ಅಲ್ಲಿ 1925ರಲ್ಲಿ, ತಾನಿದ್ದ ಮನೆಯ ಶೌಚಗೃಹದಲ್ಲಿದ್ದ ಬಿಳಿಯ ಪಿಂಗಾಣಿಯ ಪಾತ್ರೆಯನ್ನು ನೆಲಮಟ್ಟದ ಸಮೀಪದಿಂದ ಚಿತ್ರಿಸಿದನು. ಅದಕ್ಕೆ ಆ ದೇಶದ ಭಾಷೆಯಲ್ಲಿ ಶೌಚಸ್ಥಾನಕ್ಕೆ ಇರುವ ಹೆಸರನ್ನೇ ಇಟ್ಟನು. ಹಾಸ್ಯಕ್ಕಾಗಿ ಮಾಡಿದುದಲ್ಲವೆಂದು ಅವನ ದಿನಚರಿಯಿಂದ ಸ್ಪಷ್ಟವಾಗುತ್ತದೆ. ಆ ಬಾಗುಬಳುಕುಗಳನ್ನು ನೋಡುವಾಗ ಸಮೋತ್ರೇಸಿನ ವಿಜಯದೇವತೆಯ ಗ್ರೀಕ್ ಶಿಲ್ಪವು ಅವನ ಸ್ಮರಣೆಗೆ ಬಂದಿತಂತೆ. ನಮ್ಮಂಥ ಮಡಿಯ ಸಂಪ್ರದಾಯದಲ್ಲಿ ಬೆಳೆದವರಿಗೆ ಈ ಮಾತನ್ನು ಓದಿದೊಡನೆ ಮುಖವನ್ನು ತಿರುಗಿಸಬೇಕೆನಿಸುವುದು ಸಹಜ. ನಾನೂ ತಿರುಗಿಸಿದೆನು. ಆದರೆ ಚಿತ್ರವನ್ನು ನೋಡಿದ ಮೇಲೆ ಮುಖವನ್ನು ತಿರುಗಿಸಿಯೇ ಇಟ್ಟುಕೊಳ್ಳುವುದು ಕಷ್ಟವಾಯಿತು. ಕೆಳಗಿನ ಪೀಠದಿಂದ ಮೇಲಿನ ಅಂಚಿನವರೆಗೆ ಆ ರೇಖೆಯು ಎಲ್ಲಿಯೂ ಕಡಿಯದೆ ಉಬ್ಬಿ ಏರುವುದು ನಿಜ. ಹಾಗಿದ್ದರೂ ಇದು ಅವನ ಉತ್ತಮಕೃತಿಯೆಂದು ನಾನು ಒಪ್ಪಲಾರೆ. ಇದರಲ್ಲಿ ವಸ್ತುವಿನ ಹೆಸರೇ ಅರ್ಧ ಕೆಲಸವನ್ನು ಮಾಡುತ್ತದೆ. ಇಂಥದರಲ್ಲಿ ಇಂಥದೇ ಎಂಬ ಬೆರಗು ಕಣ್ಣಿನದಲ್ಲ, ಬುದ್ಧಿಯದು.

1927ರಲ್ಲಿ ಶಂಖ, ಕಪ್ಪೆಚಿಪ್ಪು ಮೊದಲಾದ ಚಿಪ್ಪುಗಳ ಚಿತ್ರಗಳು ಬಂದುವು. ಅವು ಪ್ರಸಿದ್ಧವಾದುವು, ಆದರೆ ಶಂಖವು ಮೊದಲೇ ಸುಂದರವಾದ ವಸ್ತುವಾದುದರಿಂದ ನಮ್ಮ ವಿಚಾರಕ್ಕೆ ಅವುಗಳಿಂದ ಹೆಚ್ಚಿನ ಉಪಕಾರವಿಲ್ಲ.

ವೆಸ್ಟನ್ನನ ಕೀರ್ತಿಯು ನಿಂತಿರುವುದು ಒಂದು ಮೆಣಸಿನಕಾಯಿಯ ಮೇಲೆ. ನಮ್ಮಲ್ಲಿ ದೊಣ್ಣೆ ಮೆಣಸಿನಕಾಯಿ ಎಂದು ಕರೆಯುವ ಜಾತಿಯದು. (ಮೆಣಸಿನಕಾಯಿಯೆಂಬುದೇ ಅಮೆರಿಕಾ ಖಂಡದಿಂದ ಪೋರ್ಚುಗೀಸರ ಮೂಲಕ ನಮ್ಮ ಅಡಿಗೆಮನೆಯನ್ನು ಸೇರಿದ ವಸ್ತು, ಕಾಳಿದಾಸನ ಕಾಲದ ಸಾರಿನಲ್ಲಿ ಅದಿರಲಿಲ್ಲ.) ಕ್ಯಾಲಿಫೋರ್ನಿಯಾದ ಕಾರ್ಮೆಲ್ ಎಂಬ ಊರಿನಲ್ಲಿ ನೆಲೆಸಿದ್ದಾಗ ಈ ಕಾಯಿಗಳನ್ನು ಒಂದಾದ ಮೇಲೊಂದರಂತೆ ಚಿತ್ರಿಸುತ್ತ ಬಂದು, 1930ರ ಆಗಸ್ಟ್ ತಿಂಗಳಿನಲ್ಲಿ ಅವನು ತೆಗೆದ ಮೂವತ್ತನೆಯ ಸಂಖ್ಯೆಯ ಚಿತ್ರವೇ ಅದು. ಕಾಯಿಯನ್ನು ಎಲ್ಲಿ ಕೂರಿಸಬೇಕೆಂಬುದು ಅವನನ್ನು ಬಹಳವಾಗಿ ಬಾಧಿಸಿತ್ತು. ಬಟ್ಟೆಯ ಹಿನ್ನೆಲೆಯೂ ಕಾಗದದ ಹಿನ್ನೆಲೆಯೂ ಒಗ್ಗಲಿಲ್ಲ. ಕೊನೆಗೆ ಒಂದು ದೊಡ್ಡ ತಗಡಿನ ಆಲಿಕೆಯನ್ನು ಮಲಗಿಸಿ, ಅದರ ಅಗಲವಾದ ಬಾಯಿಯಲ್ಲಿ ಕಾಯಿಯನ್ನಿಟ್ಟನು. ಎಣ್ಣೆ ಸುರಿಯುವ ಆಲಿಕೆ! ಅದರ ಒಳಮೈಯಿಂದ ಬೆಳಕು ಪ್ರತಿಫಲಿಸಿ ಕಾಯಿಯ ಪಕ್ಕೆಗಳಿಗೆ ಬಿದ್ದಿತು. ಹಿಂದಣ ಆಳವು ಕತ್ತಲೆಯಾಗಿ ಉಳಿಯಿತು. ಮಸೂರದ ರಂಧ್ರವನ್ನು ಅತಿ ಸಣ್ಣದಾಗಿ ಕಿರಿದುಮಾಡಿದ್ದರಿಂದ ಕೆಲವು ನಿಮಿಷಗಳ ಕಾಲ ಬೆಳಕನ್ನು ಒಳಗೆ ಬಿಡಬೇಕಾಯಿತು. ಎಂಟು ಅಂಗುಲ ಅಗಲ ಹತ್ತು ಅಂಗುಲ ಉದ್ದದ ನೆಗೆಟಿವನ್ನು ಹಿಗ್ಗಿಸದೆ, ಕುಗ್ಗಿಸದೆ, ಕಾಗದದ ಮೇಲೆ ನೇರವಾಗಿ ಒತ್ತಿ ಪ್ರತಿಯನ್ನು ತೆಗೆಯುವುದು ಅವನ ಪದ್ಧತಿ. ಆದಕಾರಣ ಕಾಯಿಯ ತೊಗಲಿನ ಮೇಲಿನ ಹೊಳಪೂ ಕಲೆಯೂ ಒಂದೂ ತಪ್ಪಿಹೋಗಿಲ್ಲ.

ಚಿತ್ರವನ್ನು ನೋಡಿದವರಿಗೆ ಮೊದಲು ಮೆಣಸಿನಕಾಯಿಯು ಕಾಣಿಸುವುದಿಲ್ಲ. ಬೆನ್ನು ಬಗ್ಗಿಸಿ, ತೋಳುಗಳನ್ನು ತನ್ನ ಸುತ್ತ ತಾನೇ ತಬ್ಬಿಕೊಂಡ ಒಂದು ದೇಹವು ಕಾಣಿಸುತ್ತದೆ. ಮಲ್ಲನ ಬೆನ್ನು ಎನ್ನುವವರುಂಟು, ಇಬ್ಬರ ಆಲಿಂಗನವೆನ್ನುವವರೂ ಉಂಟು. ಹಾಗಾದರೆ ಇದು ಸ್ವಭಾವೋಕ್ತಿಯಲ್ಲ, ಉತ್ಪ್ರೇಕ್ಷೆ. ಕಾಯಿಯು ಉಪಮೇಯ ಮಾತ್ರ, ಚೆಲುವು ಉಪಮಾನದ್ದು ಎಂದು ಪೂರ್ವಪಕ್ಷವು ಏಳುತ್ತದೆ. ವೆಸ್ಟನ್ನನ ಕಾಲದಲ್ಲಿಯೇ ಈ ಮಾತು ಎದ್ದಿತ್ತು. ಚಿಪ್ಪುಗಳಲ್ಲಿಯೂ ಕಾಯಿಗಳಲ್ಲಿಯೂ ಶೃಂಗಾರವನ್ನು ಕಂಡವರಿಗೆ ಅವನು, ಅದು ನಿಮ್ಮ ಮನಸ್ಸಿನಲ್ಲಿದೆಯೇ ಹೊರತು ನನ್ನ ಉದ್ದೇಶದಲ್ಲಿರಲಿಲ್ಲವೆಂಬ ಅಭಿಪ್ರಾಯವನ್ನು ಮತ್ತೆ ಮತ್ತೆ ತನ್ನ ದಿನಚರಿಯಲ್ಲಿ ಬರೆದುಕೊಂಡಿದ್ದಾನೆ. ಕೃತಿಕಾರನ ನಿರಾಕರಣೆಯೊಂದೇ ಪ್ರಮಾಣವಾಗಲಾರದು. ಆದರೂ ಈ ವಿಷಯದಲ್ಲಿ ನಾನು ಅವನ ಪಕ್ಷ. ಏಕೆಂದರೆ ಉತ್ಪ್ರೇಕ್ಷೆಯಲ್ಲಿ ಸಂಭಾವನೆಯು ಸ್ಥಿರವಾಗಿರಬೇಕು. ಮುಖವು ಚಂದ್ರನೋ ಎಂಬಂತಿದ್ದರೆ ಪದ್ಯದ ಕೊನೆಯವರೆಗೆ ಚಂದ್ರನೇ ಇರಬೇಕು. ಇಲ್ಲಿಯಾದರೋ ಬೆನ್ನೆಂದು ಕಂಡದ್ದು ಇನ್ನೊಂದು ಕ್ಷಣದಲ್ಲಿ ತೋಳಾಗುತ್ತದೆ. ತೋಳೆಂದುಕೊಂಡ ಕಡೆಗೆ ಮುಷ್ಟಿಯು ಬರುತ್ತದೆ. ಯಾವುದೂ ನಿಲ್ಲುವುದಿಲ್ಲ. ಹೋಲಿಕೆಗಳೆಲ್ಲ ಬಂದು ಸೋತು ಹಿಂದಿರುಗಿದ ಮೇಲೆ ಕಾಯಿಯೊಂದೇ ಉಳಿಯುತ್ತದೆ. ಅಷ್ಟು ಹೊತ್ತಿಗೆ ನಾವು ಒಂದು ಮೆಣಸಿನಕಾಯಿಯನ್ನು ಜನ್ಮದಲ್ಲಿ ನೋಡದಷ್ಟು ಹೊತ್ತು ನೋಡಿರುತ್ತೇವೆ.

ಗಾಡಿಯವನ ಪ್ರಶ್ನೆಗೆ ಉತ್ತರವು ಇಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ಸಂತೆಯಲ್ಲಿ ಮೆಣಸಿನಕಾಯಿಯನ್ನು ಕಂಡೊಡನೆ ನಮ್ಮ ಮನಸ್ಸು 'ಮೆಣಸಿನಕಾಯಿ' ಎಂಬ ಹೆಸರನ್ನು ಹೇಳುತ್ತದೆ, ಸೇರಿಗೆ ಎಷ್ಟೆಂದು ಕೇಳುತ್ತದೆ. ಹೆಸರು ಬಂದೊಡನೆ ನೋಟವು ಮುಗಿಯಿತು. ಹೆಸರೆಂದರೆ ಮಹಿಮಭಟ್ಟನು ಹೇಳಿದ ಸಾಮಾನ್ಯವೇ. ಯಂತ್ರವು ವಿಶೇಷವನ್ನು ಹಿಡಿಯಬಹುದು, ನೋಡುವವನು ಅದನ್ನು ಮರಳಿ ಸಾಮಾನ್ಯಕ್ಕೆ ದೂಡಿಬಿಡುತ್ತಾನೆ. ಪ್ರವೇಶಪತ್ರದ ಚಿತ್ರವನ್ನು ಗುಮಾಸ್ತನು ನೋಡುವುದು ಹೀಗೆಯೇ. ವೆಸ್ಟನ್ನನು ತನ್ನ ಆಲಿಕೆ, ಕತ್ತಲೆ, ಓರೆಬೆಳಕುಗಳಿಂದ ಮಾಡಿದುದು ಇಷ್ಟೆ: ಹೆಸರು ಬರುವುದನ್ನು ತಡಮಾಡಿದನು. ಪ್ರತಿಭೆಯ ವ್ಯಾಪಾರವು ಆ ವಿಳಂಬದಲ್ಲಿದೆ.

ಚಿತ್ರವನ್ನು ತೆಗೆದ ಕಾಯಿಗಳನ್ನು ಅವನು ಆಮೇಲೆ ತಿಂದುಬಿಡುತ್ತಿದ್ದನು. ಅದನ್ನು ಯಾರೋ ನರಭಕ್ಷಣೆಗೆ ಹೋಲಿಸಿದಾಗ, ಅವು ತನ್ನ ರಕ್ತದಲ್ಲಿ ಸೇರುವುದು ತನಗೆ ಒಪ್ಪಿಗೆಯೇ ಎಂಬ ಅರ್ಥದಲ್ಲಿ ಬರೆದುಕೊಂಡನು. ಸಂಬಳವಿಲ್ಲದೆ ನಿಂತ ರೂಪದರ್ಶಿಗೆ ಸಲ್ಲಿಸಿದ ಈ ಬಗೆಯ ಗೌರವವು ಬೇರೆ ಯಾವ ಚಿತ್ರಕಲೆಯಲ್ಲಿಯೂ ಸಾಧ್ಯವಾಗಲಾರದು.

ಇದೇ ಕಾಲದಲ್ಲಿ ಜರ್ಮನಿಯ ಕಾರ್ಲ್ ಬ್ಲಾಸ್‌ಫೆಲ್ಟ್ (1865–1932) ಎಂಬ ಉಪಾಧ್ಯಾಯನು ಪ್ರಸಿದ್ಧಿಗೆ ಬಂದನು. ಬರ್ಲಿನ್ನಿನ ಕಲಾಶಾಲೆಯಲ್ಲಿ ಪಾಠ ಹೇಳುತ್ತಿದ್ದ ಈತನು, ವಿದ್ಯಾರ್ಥಿಗಳಿಗೆ ತೋರಿಸುವುದಕ್ಕಾಗಿ ಮೊಳಕೆ, ಕುಡಿ, ಒಣಗಿದ ಬೀಜಕೋಶ ಇವುಗಳನ್ನು ತಾನೇ ಕೂಡಿಸಿಕೊಂಡ ಕ್ಯಾಮರಾದಿಂದ ಅನೇಕ ಪಟ್ಟು ಹಿಗ್ಗಿಸಿ ದಶಕಗಟ್ಟಲೆ ಚಿತ್ರಿಸಿದನು. 1928ರಲ್ಲಿ ಅವು 'ಕಲೆಯ ಮೂಲರೂಪಗಳು' ಎಂಬ ಅರ್ಥದ ಹೆಸರಿನಿಂದ ಪುಸ್ತಕವಾದಾಗ ಅರವತ್ತು ದಾಟಿದ ಮೇಷ್ಟರು ಒಮ್ಮೆಲೇ ಖ್ಯಾತರಾದರು. ನಮ್ಮ ವೃತ್ತಿಯವನೆಂಬ ಅಭಿಮಾನವಿದ್ದರೂ ನ್ಯಾಯವನ್ನು ಹೇಳಬೇಕು. ಇವನ ಜರಿಗಿಡದ ಸುರುಳಿಯು ಧರ್ಮಗುರುವಿನ ದಂಡದಂತೆಯೂ, ಕಾಂಡವು ಕಂಬದಂತೆಯೂ ಕಾಣುತ್ತವೆ, ಮತ್ತು ಹಾಗೆಯೇ ಕಂಡು ನಿಲ್ಲುತ್ತವೆ. ಇವು ಒಳ್ಳೆಯ ಉಪಮೆಗಳು. ಪಾಠದ ಕೊನೆಗೆ ಬೇಕಾದ ಉತ್ತರವು ದೊರೆಯಿತೆಂಬ ತೃಪ್ತಿಯಿದೆ. ವೆಸ್ಟನ್ನನ ಕಾಯಿಯಲ್ಲಿರುವ ಅತೃಪ್ತಿಯಿಲ್ಲ.

ಇನ್ನು ಕಷ್ಟವಾದ ಪ್ರಸಂಗಕ್ಕೆ ಬರೋಣ. ಇರ್ವಿಂಗ್ ಪೆನ್ (1917–2009) ನ್ಯೂಯಾರ್ಕಿನ 'ವೋಗ್' ಎಂಬ ವೇಷಭೂಷಣಗಳ ಪತ್ರಿಕೆಗೆ 1943ರಿಂದ ಚಿತ್ರಗಳನ್ನು ತೆಗೆದುಕೊಟ್ಟು ಹೆಸರಾದವನು. ರೇಷ್ಮೆ, ಸುಗಂಧದ್ರವ್ಯ, ಚೆಲುವೆಯರ ಮುಖ ಇವು ಅವನ ದಿನದ ಕೆಲಸ. ಇಂಥವನು 1972ರಲ್ಲಿ ನ್ಯೂಯಾರ್ಕಿನ ಬೀದಿಗಳಿಂದ ಸಿಗರೇಟಿನ ತುಂಡುಗಳನ್ನು ಹೆಕ್ಕಿ ತರಿಸಿ, ಬಿಳಿಯ ಹಿನ್ನೆಲೆಯ ಮುಂದೆ ಒಂದನ್ನೋ ಎರಡನ್ನೋ ನಿಲ್ಲಿಸಿ ಚಿತ್ರಗಳನ್ನು ತೆಗೆದನು. ಆ ದೇಶದ ದೂರದರ್ಶನದಲ್ಲಿ ಸಿಗರೇಟಿನ ಜಾಹೀರಾತನ್ನು ನಿಷೇಧಿಸಿದುದು ಅದರ ಹಿಂದಿನ ವರ್ಷ, 1971ರಲ್ಲಿ. ಬೆರಳಿನ ಗೆಣ್ಣಿನಷ್ಟು ಉದ್ದದ ತುಂಡು ಸುಮಾರು ಎರಡು ಅಡಿ ಎತ್ತರದ ಕಾಗದವನ್ನು ತುಂಬಿತು. ಮುದ್ರಣವೋ, ಬೆಳ್ಳಿಯ ಲವಣಗಳಿಂದಲ್ಲ. ಬಂಗಾರದೊಡನೆ ಸರಿಸಮನಾಗಿ ಎಣಿಸಲ್ಪಡುವ ಪ್ಲಾಟಿನಂ ಮತ್ತು ಪಲ್ಲೇಡಿಯಂ ಲೋಹಗಳ ಲವಣಗಳನ್ನು ಕಾಗದಕ್ಕೆ ಕೈಯಿಂದಲೇ ಸವರಿ ಮಾಡತಕ್ಕ ಹಳೆಯ ಪದ್ಧತಿಯದು. ಕಪ್ಪಿಗೂ ಬಿಳುಪಿಗೂ ನಡುವಣ ಬೂದುಬಣ್ಣದ ಛಾಯೆಗಳು ಈ ವಿಧಾನದಲ್ಲಿ ಬಂದಷ್ಟು ಮೃದುವಾಗಿ ಬೇರೆಯದರಲ್ಲಿ ಬರುವುದಿಲ್ಲ. ಅಚ್ಚಿನ ಪುಸ್ತಕದಲ್ಲಿಯೋ ಗಣಕಯಂತ್ರದ ಪರದೆಯ ಮೇಲೆಯೋ ನೋಡುವ ನಮ್ಮಂಥವರು ಆ ಗುಣದಲ್ಲಿ ಅರ್ಧವನ್ನು ಕಳೆದುಕೊಂಡಿರುತ್ತೇವೆಂಬುದನ್ನು ನೆನಪಿನಲ್ಲಿಡಬೇಕು. 1975ರಲ್ಲಿ ಈ ಚಿತ್ರಗಳು ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶಿತವಾದುವು. ಅನಂತರ ಅವನು ಬೀದಿಯಲ್ಲಿ ಬಿದ್ದಿದ್ದ ಕೆಸರು ಮೆತ್ತಿದ ಕೈಚೀಲ, ಜಜ್ಜಿದ ಕಾಗದದ ಲೋಟ ಮೊದಲಾದುವಕ್ಕೂ ಇದೇ ರಾಜೋಪಚಾರವನ್ನು ಮಾಡಿದನು.

ಶೌಚಪಾತ್ರೆಯ ಚಿತ್ರವು ನಮ್ಮನ್ನು ಬೆಚ್ಚಿಸುತ್ತದೆ; ಆದರೆ ಆ ಪಾತ್ರೆಯು ತೊಳೆದದ್ದು, ಹೊಳೆಯುವಂಥದು. ಸಿಗರೇಟಿನ ತುಂಡು ಅದಕ್ಕಿಂತಲೂ ಹೀನವಾದದ್ದು. ಏಕೆಂದರೆ ಅದು ಎಂಜಲು. ಆಂಗ್ಲಭಾಷೆಯಲ್ಲಿ ಈ ಮಾತಿಗೆ ಸರಿಯಾದ ಶಬ್ದವಿಲ್ಲ. ಕೊಳೆ, ಕಸ ಎಂಬುವಕ್ಕೆ ಉಂಟು. ಕೊಳೆಯು ತೊಳೆದರೆ ಹೋಗುತ್ತದೆ. ಎಂಜಲಿನಲ್ಲಿ ಇನ್ನೊಬ್ಬನ ಬಾಯಿ ಇದೆ. ಪೆನ್ನನ ಚಿತ್ರಗಳಲ್ಲಿ ತುಟಿಯ ತೇವದಿಂದ ನೆನೆದು ಉಬ್ಬಿದ ಕಾಗದವನ್ನು, ಕಾಲಿನಲ್ಲಿ ಹೊಸಕಿದಾಗ ಸೀಳಿ ಹೊರಕ್ಕೆ ಚಾಚಿದ ಹೊಗೆಸೊಪ್ಪಿನ ಎಳೆಗಳನ್ನು, ಅರ್ಧ ಸುಟ್ಟುಹೋದ ಕಂಪನಿಯ ಹೆಸರಿನ ಅಕ್ಷರಗಳನ್ನು ನೋಡುವಾಗ ಈ ಶಬ್ದವು ಇಲ್ಲದವರಿಗಿಂತ ಇರುವ ನಮಗೆ ಅವು ಹೆಚ್ಚು ಅರ್ಥವಾಗುತ್ತವೆಂದು ಹೇಳಿದರೆ ಅದು ಸ್ವಭಾಷಾಭಿಮಾನವೆಂದು ವಾಚಕರು ಎಣಿಸಬಾರದು.

ಭರತಮುನಿಯು ಜುಗುಪ್ಸೆಯನ್ನೂ ಒಂದು ಸ್ಥಾಯಿಭಾವವೆಂದು ಗಣಿಸಿ, ಅದರಿಂದಾಗುವ ಬೀಭತ್ಸವನ್ನು ರಸಗಳಲ್ಲಿ ಸೇರಿಸಿ, ಮಹಾಕಾಲನನ್ನು ಅದಕ್ಕೆ ಅಧಿದೇವತೆಯನ್ನಾಗಿ ಮಾಡಿದನು. ಭವಭೂತಿಯು ಮಾಲತೀಮಾಧವದ ಐದನೆಯ ಅಂಕದಲ್ಲಿ ನಾಯಕನನ್ನು ಸ್ಮಶಾನಕ್ಕೆ ಕರೆದೊಯ್ದು, ಪಿಶಾಚಗಳು ಹೆಣವನ್ನು ತಿನ್ನುವುದನ್ನು ಅವನ ಬಾಯಿಂದಲೇ ವರ್ಣಿಸಿದನು. ನಮ್ಮ ಹಿರಿಯರು ಅದನ್ನು ಬಿಡಿಸಿ ಬಿಡಿಸಿ ಪಾಠ ಹೇಳಿದರು. ಹೀಗಿರುವಲ್ಲಿ ಸಿಗರೇಟಿನ ತುಂಡು ಹೇಯವಸ್ತುವೆಂಬ ಒಂದೇ ಕಾರಣದಿಂದ ಚಿತ್ರವನ್ನು ತಿರಸ್ಕರಿಸಲು ನಮ್ಮ ಶಾಸ್ತ್ರವು ಅವಕಾಶ ಕೊಡುವುದಿಲ್ಲ. ರಮ್ಯವಾಗಲಿ, ಜುಗುಪ್ಸಿತವಾಗಲಿ, ಉದಾರವಾಗಲಿ, ನೀಚವಾಗಲಿ, ಕವಿಯ ಭಾವನೆಗೆ ಸಿಕ್ಕಿ ರಸವಾಗದ ವಸ್ತುವೇ ಲೋಕದಲ್ಲಿಲ್ಲವೆಂದು ದಶರೂಪಕಕಾರನಾದ ಧನಂಜಯನು ಸ್ಪಷ್ಟವಾಗಿಯೇ ಹೇಳಿದ್ದಾನೆ. ಆದರೆ ಒಂದು ನಿಯಮವನ್ನು ಮರೆಯಬಾರದು. ಬೀಭತ್ಸವು ಆಸ್ವಾದ್ಯವಾಗುವುದು ಜುಗುಪ್ಸೆಯು ಅಲ್ಲಿ ಇದ್ದಾಗ. ಸ್ಮಶಾನವನ್ನು ಉದ್ಯಾನದಂತೆ ವರ್ಣಿಸಿದರೆ ಅದು ಬೀಭತ್ಸವಲ್ಲ, ಸುಳ್ಳು.

ಈ ಒರೆಗಲ್ಲಿನ ಮೇಲೆ ಪೆನ್ನನ ಚಿತ್ರಗಳೆಲ್ಲ ಒಂದೇ ಬೆಲೆಯನ್ನು ಪಡೆಯುವುದಿಲ್ಲ. ಎರಡು ತುಂಡುಗಳನ್ನು ಹಾಳುದೇಗುಲದ ಕಂಬಗಳಂತೆ ಜೋಡಿಯಾಗಿ ನಿಲ್ಲಿಸಿರುವ ಕಡೆ ಅವನ ಕೈಚಳಕವು ಅವನನ್ನೇ ವಂಚಿಸಿದೆ. ಗಾಂಭೀರ್ಯವು ಬಂದಿತು, ಎಂಜಲು ಹೋಯಿತು. ವೇಷಭೂಷಣದ ಪತ್ರಿಕೆಯವನು ತುಂಡಿಗೂ ಒಂದು ಉಡುಪನ್ನು ತೊಡಿಸಿಬಿಟ್ಟನು. ಕಾಗದವು ಒಡೆದು ಬೂದಿಯು ಚೆಲ್ಲಿ, ನಿಂತ ತುಂಡು ತನ್ನ ಭಾರಕ್ಕೆ ತಾನೇ ವಾಲಿರುವ ಕಡೆ ಹಾಗಲ್ಲ. ಮೊದಲು ಸ್ತಂಭವೆಂದು ಕಂಡು, ಮೃದುವಾದ ಬೂದುಬಣ್ಣಕ್ಕೆ ಮನಸೋತು ಸಮೀಪಕ್ಕೆ ಹೋದವನಿಗೆ ತುಟಿಯ ಗುರುತು ಎದುರಾಗುತ್ತದೆ. ವೆಸ್ಟನ್ನನು ಹೆಸರನ್ನು ತಡಮಾಡಿದನು. ಪೆನ್ನನು ತಡಮಾಡಿ, ನಾವು ಕೈಚಾಚಿದ ಮೇಲೆ ಹೇಳುತ್ತಾನೆ. ಆಗ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತೇವೆ, ಆದರೆ ಕಣ್ಣನ್ನು ಎಳೆದುಕೊಳ್ಳುವುದಿಲ್ಲ. ಇಂಥ ನಾಲ್ಕಾರು ಚಿತ್ರಗಳಲ್ಲಿ ನಿಜವಾದ ಬೀಭತ್ಸವಿದೆಯೆಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಇಷ್ಟಕ್ಕೆ ವಿಷಯವು ಮುಗಿಯುತ್ತಿತ್ತು. ಆದರೆ ಜರ್ಮನಿಯ ವಾಲ್ಟರ್ ಬೆನ್ಯಮಿನ್ ಎಂಬ ವಿಮರ್ಶಕನು 1934ರಲ್ಲಿಯೇ ಎತ್ತಿದ ಒಂದು ಆಕ್ಷೇಪಕ್ಕೆ ಉತ್ತರವನ್ನು ಹೇಳದೆ ಲೇಖನಿಯನ್ನು ಕೆಳಗಿಡುವುದು ನ್ಯಾಯವಲ್ಲ. ಈಚಿನ ಛಾಯಾಚಿತ್ರಕಾರರು ಬಡವರ ವಠಾರವನ್ನಾಗಲಿ ಕಸದ ಗುಡ್ಡೆಯನ್ನಾಗಲಿ ಚಿತ್ರಿಸಿದರೆ ಅದನ್ನು ಚೆಲುವಾಗಿಸದೆ ಬಿಡಲಾರರು; ದಾರಿದ್ರ್ಯವನ್ನೂ ಭೋಗವಸ್ತುವನ್ನಾಗಿ ಮಾಡಿಬಿಟ್ಟರು ಎಂದು ಅವನ ದೂರು. ಅವನ ಕಣ್ಣಿನ ಮುಂದಿದ್ದುದು ರೆಂಗರ್-ಪಾಟ್ಷ್ ಎಂಬವನ 1928ರ ಪುಸ್ತಕ. ಅದರ ಹೆಸರಿನ ಅರ್ಥ 'ಜಗತ್ತು ಸುಂದರ' ಎಂದು. ಚಿತ್ರಕಾರನು ಇಡಬೇಕೆಂದಿದ್ದ ಹೆಸರು 'ವಸ್ತುಗಳು' ಎಂದಿಷ್ಟೇ. ಈ ಎರಡು ಹೆಸರುಗಳ ನಡುವಣ ಅಂತರದಲ್ಲಿಯೇ ಬೆನ್ಯಮಿನ್ನನ ಆಕ್ಷೇಪದ ಬಲವೂ ಮಿತಿಯೂ ಇವೆ. ಜಗತ್ತು ಸುಂದರವೆಂಬುದು ಒಂದು ಪ್ರತಿಜ್ಞಾವಾಕ್ಯ. ಕಸದ ಗುಡ್ಡೆಯ ಪಕ್ಕದಲ್ಲಿ ವಾಸಮಾಡುವವನು ಅದನ್ನು ಪ್ರಶ್ನಿಸಲು ಅಧಿಕಾರವುಳ್ಳವನು. ಇದು ಒಂದು ವಸ್ತು, ನೋಡು ಎಂಬುದರಲ್ಲಿ ಅಂಥ ಪ್ರತಿಜ್ಞೆಯಿಲ್ಲ.

ಆದರೂ ಆಕ್ಷೇಪವು ಪೂರ್ತಿಯಾಗಿ ಪರಿಹಾರವಾಯಿತೆಂದು ಹೇಳಲಾರೆ. ಮೆಣಸಿನಕಾಯಿಯಿಂದ ಯಾರಿಗೂ ಕೇಡಿಲ್ಲ. ಸಿಗರೇಟಿನ ತುಂಡನ್ನು ನ್ಯೂಯಾರ್ಕಿನಲ್ಲಾಗಲಿ ನಮ್ಮ ಬಸ್ ನಿಲ್ದಾಣದಲ್ಲಾಗಲಿ ಬೆಳಗಿನ ಜಾವದಲ್ಲಿ ಬಗ್ಗಿ ಗುಡಿಸುವವರಿದ್ದಾರೆ. ಅವರಿಗೆ ಅದು ವಿಚಿತ್ರವಸ್ತುವಲ್ಲ, ದಿನದ ಸಂಬಳದ ವಸ್ತು; ಅದರ ಹೆಸರು ತಡವಾಗಿ ಬರುವ ಅವಕಾಶವೇ ಅವರಿಗಿಲ್ಲ. ವಿಚಿತ್ರವೆಂಬ ವಿಶೇಷಣವು ವಸ್ತುವಿಗೆ ಸೇರಿದುದಲ್ಲ, ಅದನ್ನು ಎಂದೂ ಮುಟ್ಟದೆ ಬದುಕಿದ ನಮಗೆ ಸೇರಿದುದು. ಕಂಬಗಳಂತೆ ನಿಂತ ಆ ಜೋಡಿತುಂಡುಗಳ ಮುಂದೆ ಬೆನ್ಯಮಿನ್ನನೇ ಗೆದ್ದನೆಂದು ನಾನು ಬರೆದುಕೊಂಡಿದ್ದೇನೆ. ವಾಲಿದ ತುಂಡಿನ ಮುಂದೆ ಧನಂಜಯನು ಗೆದ್ದನೆಂದು.

ಈ ಮಾರ್ಗವನ್ನು ಹಿಡಿದು ಆಮೇಲೆ ಬಂದವರು ಅಸಂಖ್ಯಾತರು. ತುಕ್ಕು ಹಿಡಿದ ಬೀಗ, ಕೊಳೆತ ಹಣ್ಣು, ಮುರಿದ ಬೊಂಬೆ ಇವುಗಳ ಚಿತ್ರಗಳು ಈಗ ಕೈಯಲ್ಲಿರುವ ದೂರವಾಣಿಯಲ್ಲಿಯೇ ಸಾವಿರಗಟ್ಟಲೆ ಬರುತ್ತವೆ. ತಿರುಚಿದ ಮೆಣಸಿನಕಾಯಿಯನ್ನು ಕತ್ತಲೆಯಲ್ಲಿಟ್ಟು ತೆಗೆದವುಗಳಿಗಂತೂ ಲೆಕ್ಕವಿಲ್ಲ. ಅವುಗಳನ್ನು ಕಂಡೊಡನೆ 'ವೆಸ್ಟನ್' ಎಂಬ ಹೆಸರು ನಾಲಗೆಗೆ ಬಂದುಬಿಡುವುದರಿಂದ ಅವುಗಳ ವಿಮರ್ಶೆಯನ್ನು ಇಲ್ಲಿ ಕೈಕೊಂಡಿಲ್ಲ.